ಆಚೆ ದಡದ ಗಂಟೆ

ತೋರ್ನಿಯೊ ನದಿಗೆ ಒಂದು ಸೇತುವೆ.
ದಾಟಲು ನಾಲ್ಕೇ ನಿಮಿಷ; ದಾಟಿ ನೋಡಿದರೆ
ಒಂದು ಗಂಟೆ ನಾಲ್ಕು ನಿಮಿಷ ಕಳೆದಿರುತ್ತದೆ.
ಈಚೆ ಸ್ವೀಡನ್, ಆಚೆ ಫಿನ್ಲೆಂಡ್,
ನಡುವೆ ಗಡಿಯಾರವಿಲ್ಲದ ಮೀನು.

ಎರಡು ದಡದ ಪುರಸಭೆಗಳು ಸೇರಿ
ನಲವತ್ತು ಪೆಟ್ಟಿಗೆ ತರಿಸಿದವು, ದಡಕ್ಕೆ ಇಪ್ಪತ್ತು.
ಬ್ರೆಡ್ಡಿನ ಡಬ್ಬಿಯಷ್ಟು ದೊಡ್ಡದು, ಬಿಳಿ,
ಹೊತ್ತಿಗೆ ಸರಿಯಾಗಿ ಕೂಗಿ ಮಾತ್ರೆ ಉದುರಿಸುತ್ತದೆ.
ಆರು ತಿಂಗಳ ಪರೀಕ್ಷೆ. ಗೆದ್ದರೆ ಇಡೀ ಉತ್ತರಕ್ಕೆ.
ನಾವು ಒಂಬತ್ತು ಜನ ನರ್ಸುಗಳು,
ಒಂದು ಗುಳಿಗೆ ನುಂಗಿಸಿ ಬರಲು
ಹಿಮದಲ್ಲಿ ಮೂವತ್ತು ಕಿಲೋಮೀಟರ್ ಗಾಡಿ ಓಡಿಸುವವರು.
ಪೆಟ್ಟಿಗೆ ಬೇಡವೆನ್ನಲು ನಮಗೇನು ಹುಚ್ಚೆ?

ಮೊದಲ ಸಭೆಯಲ್ಲಿ ಅರ್ಧ ದಿನ ಹೋದದ್ದು
ಅದು ಯಾವ ಭಾಷೆಯಲ್ಲಿ ಕೂಗಬೇಕೆಂದು.
ಸ್ವೀಡಿಷ್ ಅಂದರು ಇವರು, ಫಿನ್ನಿಷ್ ಅಂದರು ಅವರು.
ಇಲ್ಲಿನ ಮುದುಕರು ಆಡುವುದು ಎರಡೂ ಅಲ್ಲದ್ದು;
'ನಮ್ಮ ಮಾತು' ಎಂದೇ ಅದರ ಹೆಸರು,
ಶಾಲೆಯಲ್ಲಿ ಆಡಿದ್ದಕ್ಕೆ ಏಟು ತಿಂದ ಮಾತು.
ಕೊನೆಗೆ ಆಚೆಯ ನರ್ಸ್ ತೈಮಿ ಮೈಕು ಕಿತ್ತುಕೊಂಡು
ಅದರಲ್ಲೇ ಹೇಳಿದಳು: 'ಏ, ಗುಳಿಗೆ ತಗೋ ಮಾರಾಯ.'
ಎಲ್ಲರೂ ನಕ್ಕರು. ಕಡತದಲ್ಲಿ ಅದು 'ಧ್ವನಿ ಮೂರು'.

ಹದಿನಾಲ್ಕನೆಯ ಪೆಟ್ಟಿಗೆ ಹೋದದ್ದು
ಹೆಲ್ಮರ್ ಲಾಂಟೊನ ಅಡುಗೆಮನೆಗೆ.
ಎಂಬತ್ತಾರು ವರ್ಷ. ಹೃದಯ ತಾಳ ತಪ್ಪುತ್ತದೆ.
ದೋಣಿಗೆ ಟಾರು ಬಳಿದ ಕೈ, ಇನ್ನೂ ಅದೇ ವಾಸನೆ.

ಮೂರನೆಯ ವಾರ ಲೂಲಿಯೋದಿಂದ ಫೋನು.
ಇಂಜಿನಿಯರ್ ಹುಡುಗಿ, ತಪ್ಪು ತನ್ನದೇ ಎಂಬಂಥ ದನಿ:
ಅವನ ಮನೆ ನೀರಿಗೆ ತೀರ ಹತ್ತಿರ,
ಪೆಟ್ಟಿಗೆ ಆಚೆ ದಡದ ಟವರಿಗೆ ಕಿವಿಗೊಟ್ಟಿದೆ,
ಹನ್ನೊಂದು ದಿನ ಏಳಕ್ಕೇ ಎಂಟೆಂದು ಕೂಗಿದೆ.
ಅವನ ಮಾತ್ರೆಗೆ ಒಂದು ಗಂಟೆ ದೊಡ್ಡದಲ್ಲ, ಅಂದರು ಡಾಕ್ಟರು.
ಆದರೆ ಪಕ್ಕದ ಹಳ್ಳಿಯಲ್ಲಿ ಒಬ್ಬಳಿದ್ದಾಳೆ,
ಗುಳಿಗೆ ಹೊತ್ತು ತಪ್ಪಿದರೆ ಕೈಕಾಲು ಮರಗಟ್ಟುವವಳು.
ಅವಳ ಮನೆಯೂ ನೀರಿನ ಅಂಚಿಗೇ.

ಹೋದೆ. ಕೋಪ ಬಂದಿತ್ತು.
'ಹನ್ನೊಂದು ದಿನ! ಒಂದು ಫೋನು ಮಾಡಬಾರದಿತ್ತೆ?'
ಅವನು ಕಾಫಿ ಬಗ್ಗಿಸಿದ, ಬಟ್ಟಲು ತುಂಬಿ ತಟ್ಟೆಗೂ.
ಗೋಡೆಯಲ್ಲಿ ಎರಡು ಗಡಿಯಾರ.
'ಐಲಿ ಆಚೆಯವಳು.
ಐವತ್ತು ವರ್ಷ ಸಂಸಾರ ಮಾಡಿದಳು, ಮುಳ್ಳು ಮಾತ್ರ ತಿರುಗಿಸಲಿಲ್ಲ.
ದಿನಾ ನನಗಿಂತ ಒಂದು ಗಂಟೆ ಮೊದಲು ಎದ್ದು
ಒಲೆ ಹೊತ್ತಿಸಿ ಬೈಯುವಳು:
ಏಳೋ, ನಿನ್ನ ದೇಶಕ್ಕೆ ಇನ್ನೂ ಬೆಳಗಾಗಿಲ್ಲ.
ಸತ್ತ ಮೇಲೆ ಯಾರೂ ಬೈದಿರಲಿಲ್ಲ.
ಇದು ಬೈತು.'

ನನ್ನ ಮಡಿಲಲ್ಲಿ ಫಾರಮ್ಮು.
ಒಂದರಿಂದ ಐದರೊಳಗೆ ಎಷ್ಟು ಅಂಕ, ಕೇಳಲೇಬೇಕು.
'ಕಾಫಿಗೆ ಕೂರುವುದಿಲ್ಲ,' ಅಂದ. 'ಮೂರು ಬರಕೋ.'

ವರದಿ ಬರೆದೆ, ಇದ್ದದ್ದನ್ನೆಲ್ಲ, ಐಲಿಯನ್ನು ಬಿಟ್ಟು.
ಮುಂದಿನ ಸಭೆಯಲ್ಲಿ ಆಚೆಯವರೂ ಈಚೆಯವರೂ
ಒಂದೇ ನಕ್ಷೆಯ ಮೇಲೆ ಬಾಗಿ
ನೀರಿನ ಉದ್ದಕ್ಕೂ ಮನೆಗಳಿಗೆ ಕೆಂಪು ಚುಕ್ಕೆ ಇಟ್ಟೆವು.
ತೈಮಿಯ ಕಡೆಯೂ ಇಬ್ಬರು ಸಿಕ್ಕರು,
ಒಂಬತ್ತಾದರೂ ಎಂಟೆಂದುಕೊಂಡು ಕಾದವರು.
ಟವರಿನ ಮಾತು ಕೇಳದಂತೆ ಪೆಟ್ಟಿಗೆಗೆ ಕಲಿಸಿದರು.
ಪಕ್ಕದ ಹಳ್ಳಿಯವಳ ಕೈ ಈಗ ಹೊತ್ತಿಗೆ ಸರಿಯಾಗಿ
ಹೆಣಿಗೆ ಹಿಡಿಯುತ್ತದೆ.

ನಿನ್ನೆ ಕತ್ತಲಲ್ಲೇ ಆ ದಾರಿಯಾಗಿ ಬಂದೆ.
ಏಳು ಗಂಟೆ.
ಹೆಲ್ಮರನ ಅಡುಗೆಮನೆಯಲ್ಲಿ ದೀಪ, ಹೊಗೆ ಕೊಳವೆಯಲ್ಲಿ ಹೊಗೆ.
ಗಾಡಿ ನಿಲ್ಲಿಸಲಿಲ್ಲ.
ಪೆಟ್ಟಿಗೆ ಕೂಗಲು
ಇನ್ನೂ ಒಂದು ಗಂಟೆ ಇತ್ತು.